ನ್ಯಾಟ್ ನಿಜವಾಗಲೂ ಅಷ್ಟು ಒಳ್ಳೆಯ ಯುದ್ಧವಿಮಾನ ಆಗಿತ್ತಾ?

ವಿಮಾನಪುರದ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಕೆಲಸದಲ್ಲಿದ್ದರು. ನ್ಯಾಟ್ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವರಿಗೆ ತಡೆಯುತ್ತಲೇ ಇರಲಿಲ್ಲ. '65ರಲ್ಲಿ ಪಾಕಿಸ್ತಾನದ ಸೇಬರ್ ಫೈಟರ್‌ಗಳನ್ನು ಹೊಡೆದುರುಳಿಸಿದ್ದು ನಮ್ಮ ಬೆಂಗಳೂರಿನ ವಿಮಾನ' ಅಂತ ಹೇಳುತ್ತಿದ್ದರು. ನಾವೂ ಅದನ್ನೇ ನಂಬಿಕೊಂಡು ಬೆಳೆದೆವು.

ಮೊನ್ನೆ ಒಂದು ವಿಡಿಯೊ ನೋಡಿದೆ. ಅದರಲ್ಲಿ ನ್ಯಾಟ್ ಬರೀ ತರಬೇತಿ ವಿಮಾನ, ಬ್ರಿಟನ್ ತನಗೇ ಬೇಡ ಅಂದಿದ್ದನ್ನು ಭಾರತಕ್ಕೆ ಮಾರಿತು, ಗನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಸೇಬರ್ ಹೊಡೆದ ಕಥೆಗಳು ಅರ್ಧ ಸುಳ್ಳು ಅಂತೆಲ್ಲ ಹೇಳಿದ್ದಾರೆ. ಕೇಳಿ ಬೇಜಾರಾಯಿತು. ಆದರೆ ಸುಮ್ನೆ ಬೇಜಾರು ಮಾಡಿಕೊಳ್ಳುವುದಕ್ಕಿಂತ ತಿಳಿದವರನ್ನು ಕೇಳೋಣ ಅನ್ನಿಸಿತು. ಸತ್ಯ ಏನು? ಅಭಿಮಾನ ಪಕ್ಕಕ್ಕಿಟ್ಟು ಹೇಳಿ.

ಕಡಲತಡಿ
ಆ ವಿಡಿಯೊದಲ್ಲಿ ಕೆಂಪು ಬಣ್ಣದ ನ್ಯಾಟ್ ತೋರಿಸಿದ್ದರಾ?

ವಿಮಾನಪುರದ ಹುಡುಗ
ಹೌದು, ಪೂರ್ತಿ ಅದೇ ಇತ್ತು.

ಕಡಲತಡಿ
ಹಾಗಾದರೆ ಅರ್ಧ ಗೊಂದಲ ಅಲ್ಲೇ ಇದೆ ಮಾರಾಯ್ರೆ. ಅದು ನ್ಯಾಟ್ ಟಿ.1. ಇಬ್ಬರು ಕೂರುವ ತರಬೇತಿ ವಿಮಾನ, ರೆಕ್ಕೆಯೇ ಬೇರೆ. ಬ್ರಿಟನ್ನಿನ ವೈಮಾನಿಕ ಕಸರತ್ತು ತಂಡ ರೆಡ್ ಆರೋಸ್ 1965ರಿಂದ 1979ರವರೆಗೆ ಹಾರಿಸಿದ್ದು ಅದನ್ನು. ನಮ್ಮದು ಎಫ್.1, ಒಬ್ಬನೇ ಪೈಲಟ್, ಎರಡು 30 ಮಿಲಿಮೀಟರ್ ಏಡನ್ ಗನ್. ಮೊದಲು ಬಂದದ್ದೇ ಈ ಫೈಟರ್, ತರಬೇತಿ ವಿಮಾನ ಆಮೇಲೆ ಹುಟ್ಟಿದ್ದು. ವಿಡಿಯೊ ಮಾಡಿದವರು ತಲೆಕೆಳಗು ಮಾಡಿದ್ದಾರೆ.

ರೆಕ್ಕೆಪುಕ್ಕ
ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ 'ಬ್ರಿಟನ್ ಬೇಡ ಅಂದಿತು' ಅನ್ನುವ ಮಾತು ಅರ್ಥವಾಗುವುದಿಲ್ಲ.

ಇದನ್ನು ವಿನ್ಯಾಸ ಮಾಡಿದವರು ಟೆಡ್ಡಿ ಪೆಟರ್. ಸಣ್ಣ ಆಸಾಮಿ ಅಲ್ಲ. ಲೈಸಾಂಡರ್ ಅವರದ್ದು, ನಮ್ಮ ವಾಯುಪಡೆ ದಶಕಗಳ ಕಾಲ ಹಾರಿಸಿದ ಕ್ಯಾನ್‌ಬೆರಾ ಬಾಂಬರ್ ಕೂಡ ಅವರದ್ದೇ. 1950ರಲ್ಲಿ ಅವರು ಫೋಲೆಂಡ್ ಅನ್ನುವ ಚಿಕ್ಕ ಕಂಪನಿಗೆ ಬಂದರು. ಫೈಟರ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಿವೆ, ದುಬಾರಿ ಆಗುತ್ತಿವೆ, ಹೀಗೇ ಹೋದರೆ ಯುದ್ಧ ಬಂದಾಗ ಸಾಕಷ್ಟು ವಿಮಾನಗಳೇ ಇರುವುದಿಲ್ಲ ಅನ್ನುವುದು ಅವರ ಚಿಂತೆ. ಚಿಕ್ಕದಾಗಿ ಮಾಡು, ಸುಲಭವಾಗಿ ಮಾಡು, ಜಾಸ್ತಿ ಮಾಡು ಅಂತ ಹೊರಟರು.

ಮೊದಲು ಬಂದದ್ದು ಮಿಜ್ ಅನ್ನುವ ಪ್ರಾಯೋಗಿಕ ವಿಮಾನ. ಹಾರಿದ್ದು 1954ರ ಆಗಸ್ಟ್ 11ರಂದು. ಬೇಕಿದ್ದ ಇಂಜಿನ್ ತಯಾರಿರಲಿಲ್ಲ, ಹಾಗಾಗಿ ಶಕ್ತಿ ಕಡಿಮೆ ಇರುವ ವೈಪರ್ ಇಂಜಿನ್ ಹಾಕಿ ಹಾರಿಸಿದರು. ಆಮೇಲೆ ಬ್ರಿಸ್ಟಲ್ ಕಂಪನಿ ಆರ್ಫಿಯಸ್ ಇಂಜಿನ್ ಮಾಡಿತು. ಅದನ್ನು ಹೊತ್ತ ನ್ಯಾಟ್ ಹಾರಿದ್ದು 1955ರ ಜುಲೈ 18ರಂದು. ಫೋಲೆಂಡ್ ತನ್ನ ದುಡ್ಡಿನಲ್ಲೇ ಶುರು ಮಾಡಿದ ಕೆಲಸ ಇದು.

ಬ್ರಿಟಿಷ್ ವಾಯುಪಡೆ ಬೇಡ ಅಂದದ್ದು ನಿಜ. 1958ರಲ್ಲಿ ಅರೇಬಿಯಾದ ಏಡನ್ ಊರಿನಲ್ಲಿ ನೆಲದ ಮೇಲಿನ ಗುರಿಗಳಿಗೆ ಹೊಡೆಯುವ ಪರೀಕ್ಷೆ ಮಾಡಿದರು. ಹಂಟರ್ ಅನ್ನುವ ಇನ್ನೊಂದು ಬ್ರಿಟಿಷ್ ಫೈಟರ್ ಗೆದ್ದಿತು. ಯಾಕೆ ಗೆಲ್ಲಬಾರದು? ಹಂಟರ್ ದೊಡ್ಡದು, ದೂರ ಹೋಗುತ್ತದೆ, ಜಾಸ್ತಿ ಹೊರುತ್ತದೆ. ಅವರಿಗೆ ಬೇಕಿದ್ದ ಕೆಲಸ ಅದು. ನಮಗೆ ಬೇಕಿದ್ದ ಕೆಲಸ ಬೇರೆ. ಅಮೆರಿಕ ಪಾಕಿಸ್ತಾನಕ್ಕೆ ಸೇಬರ್ ಕೊಡುತ್ತಿತ್ತು. ನಮಗೆ ಬೇಗ ಮೇಲಕ್ಕೆ ಏರುವ, ನಾವೇ ಕಟ್ಟಿಕೊಳ್ಳಬಹುದಾದ ವಿಮಾನ ಬೇಕಿತ್ತು. 1956ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಆಯಿತು, ವಿಮಾನ ಮತ್ತು ಇಂಜಿನ್ ಎರಡಕ್ಕೂ.

ಸಂಖ್ಯಾಪ್ರಿಯ
ಇದು ಒಳ್ಳೆ ವಿವರಣೆ. ಆದರೆ 'ನಮಗೆ ಬೇಕಿದ್ದೇ ಅದು' ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಂಟರ್ ಕೂಡ ನಾವು ಕೊಂಡೆವಲ್ಲ? ದುಡ್ಡಿದ್ದಿದ್ದರೆ ಎಲ್ಲವನ್ನೂ ಹಂಟರ್ ಮಾಡುತ್ತಿದ್ದರು. ನ್ಯಾಟ್ ಅಗ್ಗದ ಆಯ್ಕೆ.

ರೆಕ್ಕೆಪುಕ್ಕ
ಅಗ್ಗ ಅನ್ನುವುದು ತಪ್ಪಾ ಸರ್? ಹಂಟರ್ ಕೊಂಡು ತಂದೆವು, ಕಟ್ಟಲಿಲ್ಲ. ನ್ಯಾಟ್ ಕಟ್ಟಿದೆವು. 1956ರಲ್ಲಿ ಬೆಂಗಳೂರಿನಲ್ಲಿ ಜೆಟ್ ಫೈಟರ್ ಮತ್ತು ಅದರ ಇಂಜಿನ್ ಎರಡನ್ನೂ ಮಾಡಲು ಕಲಿಯುವುದು ಎಷ್ಟು ದೊಡ್ಡ ಮಾತು ಯೋಚಿಸಿ.

ಇಂದಿರಾನಗರ ಇಂದು
ಈ ಮಾತಿಗೆ ನನ್ನದೊಂದು ಪ್ರಶ್ನೆ. ನಮ್ಮಲ್ಲಿ ಕಟ್ಟಿದ್ದು ಅಂದರೆ ಪೂರ್ತಿ ಕಟ್ಟಿದ್ದಾ, ಅಥವಾ ಬ್ರಿಟನ್‌ನಿಂದ ಬಂದ ಭಾಗಗಳನ್ನು ಜೋಡಿಸಿದ್ದಾ?

ರೆಕ್ಕೆಪುಕ್ಕ
ಎರಡೂ, ಮೇಡಂ. ಹಂತ ಹಂತವಾಗಿ. ಮೊದಲಿನವು ಇಂಗ್ಲೆಂಡಿನಲ್ಲಿ ತಯಾರಾಗಿ ಬಂದವು. ಆಮೇಲೆ ಅರ್ಧ ತಯಾರಾದವು, ಆಮೇಲೆ ಬಿಡಿಭಾಗಗಳು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ನ್ಯಾಟ್ ಹಾರಿದ್ದು 1959ರ ನವೆಂಬರ್‌ನಲ್ಲಿ. ಇಲ್ಲೇ ಮಾಡಿದ ಭಾಗಗಳಿಂದ ಕಟ್ಟಿದ್ದು 1962ರ ಮೇ ತಿಂಗಳಲ್ಲಿ ಹಾರಿತು. ಕೊನೆಯದ್ದು ವಾಯುಪಡೆಗೆ ಹೋದದ್ದು 1974ರ ಜನವರಿಯಲ್ಲಿ.

ವಿಮಾನಪುರದ ಹುಡುಗ
ತಂದೆ ಸೇರಿದ್ದು ಅರವತ್ತರ ದಶಕದ ಶುರುವಿನಲ್ಲಿ. ಅಂದರೆ ಅವರು ಮುಟ್ಟಿದ್ದು ಇಲ್ಲೇ ಮಾಡಿದ ಭಾಗಗಳನ್ನು. ತುಂಬಾ ಥ್ಯಾಂಕ್ಸ್ ಸರ್.

ಜಾಲಹಳ್ಳಿ ಹಿರಿಯ
ನಾನು ವಾಯುಪಡೆಯಲ್ಲಿ ಆರ್ಮಮೆಂಟ್, ಅಂದರೆ ಗನ್ ಗುಂಡುಗಳ ಕಡೆ ಇದ್ದವನು. ಎಪ್ಪತ್ತರ ದಶಕದಲ್ಲಿ ನ್ಯಾಟ್ ಮೇಲೆ ಕೆಲಸ ಮಾಡಿದ್ದೇನೆ. ಗನ್ ಬಗ್ಗೆ ಪ್ರಶ್ನೆ ಬಂದಿದೆಯಲ್ಲ, ಅದಕ್ಕೆ ಉತ್ತರ ಕೊಡಬೇಕು.

ಗನ್ ಅರ್ಧಕ್ಕೆ ನಿಂತುಹೋಗುತ್ತಿದ್ದದ್ದು ನಿಜ. 1965ರಲ್ಲಿ ಸೇಬರ್ ಹಿಂದೆ ಬಿದ್ದು, ಟ್ರಿಗರ್ ಒತ್ತಿ, ಗನ್ ನಿಂತು ವಾಪಸ್ ಬಂದ ಪೈಲಟ್‌ಗಳಿದ್ದಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಗನ್ ಕೆಲಸ ಮಾಡಿದಾಗ ಏನಾಗುತ್ತಿತ್ತು ಅನ್ನುವುದನ್ನೂ ಹೇಳಬೇಕು. ಸೇಬರ್‌ಗೆ ಅರ್ಧ ಇಂಚಿನ ಆರು ಮಷಿನ್ ಗನ್. ಅವು ರಂಧ್ರ ಮಾಡುತ್ತವೆ. ಏಡನ್ ಗುಂಡು 30 ಮಿಲಿಮೀಟರ್, ಒಳಗೆ ಸ್ಫೋಟಕ ಇರುತ್ತದೆ. ಎರಡು ಮೂರು ತಗುಲಿದರೆ ಸಾಕು, ರೆಕ್ಕೆಯೇ ಹೋಗಬಹುದು.

ಒಂದು ಗನ್‌ಗೆ 115 ಗುಂಡು. ಟ್ರಿಗರ್ ಒತ್ತಿ ಹಿಡಿದರೆ ಆರು ಸೆಕೆಂಡಿನೊಳಗೆ ಖಾಲಿ. ಹಾಗಾಗಿ ಪೈಲಟ್ ತೀರಾ ಹತ್ತಿರ ಹೋಗಿ, ಚಿಕ್ಕ ಚಿಕ್ಕ ಹೊಡೆತ ಹೊಡೆಯಬೇಕಿತ್ತು. ನಾವು ನೆಲದ ಮೇಲೆ ಗುಂಡಿನ ಬೆಲ್ಟ್ ತುಂಬುವಾಗ ಗುಂಡುಗಳನ್ನು ಜೋಡಿಸುವ ಒಂದೊಂದು ಲಿಂಕ್ ಕೈಯಲ್ಲಿ ಮುಟ್ಟಿ ನೋಡುತ್ತಿದ್ದೆವು. ಒಂದು ಲಿಂಕ್ ಓರೆಯಾದರೂ ಮೇಲೆ ಒಬ್ಬ ಹುಡುಗನ ಜೀವದ ಪ್ರಶ್ನೆ. ಆ ಕೆಲಸವನ್ನು ನಾವು ಯಾವತ್ತೂ ಹಗುರವಾಗಿ ಮಾಡಲಿಲ್ಲ.

ಕಡಲತಡಿ
ಹಿರಿಯರೇ, ನಿಮ್ಮಂಥವರು ಬರೆಯುವುದಕ್ಕೇ ನಾನು ಇಲ್ಲಿಗೆ ಬರುವುದು. ಇನ್ನೂ ಬರೆಯಿರಿ.

ಸಂಖ್ಯಾಪ್ರಿಯ
ಹಿರಿಯರ ಮಾತಿಗೆ ಗೌರವ ಇದೆ. ಈಗ ಲೆಕ್ಕಕ್ಕೆ ಬರೋಣ. 1965ರಲ್ಲಿ ನ್ಯಾಟ್ ಏಳು ಸೇಬರ್ ಹೊಡೆಯಿತು ಅಂತ ನಮ್ಮ ಕಡೆ ಸಾಮಾನ್ಯವಾಗಿ ಹೇಳುತ್ತಾರೆ. ಪಾಕಿಸ್ತಾನ ಅಷ್ಟನ್ನು ಒಪ್ಪುವುದಿಲ್ಲ. ಎಲ್ಲರಿಗೂ ಗೊತ್ತಿರುವ ಮೊದಲ ಘಟನೆಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 3, ನ್ಯಾಟ್ ಪೈಲಟ್ ಟ್ರೆವರ್ ಕೀಲರ್. ಅವರು ಹೊಡೆದ ಸೇಬರ್ ಬೀಳಲಿಲ್ಲ, ಪೆಟ್ಟು ತಿಂದು ವಾಪಸ್ ಹೋಗಿ ಇಳಿಯಿತು ಅಂತ ಪಾಕಿಸ್ತಾನದ ದಾಖಲೆ ಹೇಳುತ್ತದೆ. ಅದರ ಪೈಲಟ್ ಯೂಸುಫ್ ಅಲಿ ಖಾನ್, ಬದುಕಿ ಉಳಿದವರು, ಅವರಿಗೆ ಪದಕವೂ ಬಂತು.

ಹುಬ್ಬಳ್ಳಿ ಹೈದ
ಶತ್ರು ದೇಶದ ದಾಖಲೆ ನಂಬ್ತೀರೇನ್ರೀ?

ಸಂಖ್ಯಾಪ್ರಿಯ
ಬದುಕಿರುವ ಪೈಲಟ್‌ನನ್ನು ನಂಬಬೇಕಾಗುತ್ತದೆ ಸರ್. ಕೀಲರ್ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಗುಂಡು ತಗುಲಿತು, ಸೇಬರ್ ಮಗುಚಿ ಕೆಳಗೆ ಹೋಯಿತು. ಅಷ್ಟು ಕೆಳಮಟ್ಟದಲ್ಲಿ, ಸುತ್ತ ಇನ್ನೂ ಸೇಬರ್‌ಗಳು ಇರುವಾಗ ಯಾರೂ ಹಿಂದೆ ಹೋಗಿ ನೋಡುವುದಿಲ್ಲ. ಎಲ್ಲ ದೇಶದ ಪೈಲಟ್‌ಗಳ ವಿಷಯದಲ್ಲೂ ಹೀಗೇ ಆಗಿದೆ.

ರೆಕ್ಕೆಪುಕ್ಕ
ಸಂಖ್ಯಾಪ್ರಿಯರ ಈ ಮಾತು ಸರಿ. ಆದರೆ ಆ ದಿನದ ಮಹತ್ವ ಒಂದು ಸೇಬರ್ ಬಿತ್ತಾ ಇಲ್ಲವಾ ಅನ್ನುವುದರಲ್ಲಿ ಇಲ್ಲ. ಸೆಪ್ಟೆಂಬರ್ 1ರ ಸಂಜೆ ಜಮ್ಮು ಗಡಿಯ ಛಂಬ್‌ನಲ್ಲಿ ನಮ್ಮ ನಾಲ್ಕು ವ್ಯಾಂಪೈರ್ ನಾಶವಾದವು. ಹಳೆಯ ವಿಮಾನಗಳು, ಸೇಬರ್ ಮುಂದೆ ನಿಲ್ಲಲಿಲ್ಲ. ವಾಯುಪಡೆಗೆ ಅದು ದೊಡ್ಡ ಆಘಾತ. ಆಗ 23ನೇ ಸ್ಕ್ವಾಡ್ರನ್ನಿನ ನ್ಯಾಟ್‌ಗಳನ್ನು ಪಠಾಣ್‌ಕೋಟ್‌ಗೆ ತಂದರು.

3ನೇ ತಾರೀಖು ಬೆಳಗ್ಗೆ ಮಾಡಿದ ಉಪಾಯ ನೋಡಿ. ನಾಲ್ಕು ಮಿಸ್ಟೇರ್ ವಿಮಾನಗಳನ್ನು ರಾಡಾರ್‌ಗೆ ಕಾಣುವ ಎತ್ತರದಲ್ಲಿ ಕಳಿಸಿದರು. ಅವು ಗಾಳಕ್ಕೆ ಸಿಕ್ಕಿಸಿದ ಎರೆಹುಳು ಇದ್ದ ಹಾಗೆ. ಜಾನಿ ಗ್ರೀನ್ ನೇತೃತ್ವದ ನ್ಯಾಟ್‌ಗಳು ಮರದ ತುದಿಯ ಎತ್ತರದಲ್ಲಿ, ರಾಡಾರ್ ಕಣ್ಣಿಗೆ ಬೀಳದೆ ಹಿಂದೆ ಹೋದವು. ಸೇಬರ್‌ಗಳು ಮಿಸ್ಟೇರ್ ಹಿಡಿಯಲು ಬಂದವು. ಮಿಸ್ಟೇರ್‌ಗಳು ತಿರುಗಿ ಹೊರಟುಹೋದವು, ನ್ಯಾಟ್‌ಗಳು ಕೆಳಗಿನಿಂದ ಎದ್ದವು. ನ್ಯಾಟ್‌ನ ಎರಡು ದೊಡ್ಡ ಗುಣ ಅಂದರೆ ಬೇಗ ಏರುವುದು ಮತ್ತು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿರುವುದು. ಈ ಉಪಾಯದಲ್ಲಿ ಎರಡೂ ಕೆಲಸಕ್ಕೆ ಬಂದವು. ಮರುದಿನ, 4ರಂದು, ಪಠಾನಿಯಾ ಇನ್ನೊಂದು ಸೇಬರ್ ಹೊಡೆದರು.

ಎರಡೇ ದಿನದಲ್ಲಿ ಸೇಬರ್ ಭಯ ಹೋಯಿತು. ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ಹುಬ್ಬಳ್ಳಿ ಹೈದ
ಇದು ಮಾತು!

ಸಂಖ್ಯಾಪ್ರಿಯ
ಅದೇ 3ನೇ ತಾರೀಖು ಇನ್ನೊಂದು ನ್ಯಾಟ್ ಪಾಕಿಸ್ತಾನದ ಪಸರೂರ್‌ನಲ್ಲಿ ಇಳಿಯಿತು. ಅದನ್ನು ಯಾರೂ ಹೇಳಲಿಲ್ಲ.

ಕಡಲತಡಿ
ಹೇಳೋಣ. ಸ್ಕ್ವಾಡ್ರನ್ ಲೀಡರ್ ಸಿಕಂದ್. ಗುಂಪಿನಿಂದ ಬೇರೆಯಾದರು, ದಾರಿ ತಪ್ಪಿತು, ಇಂಧನ ಮುಗಿಯುತ್ತಿತ್ತು, ಕೆಳಗೆ ಕಂಡ ರನ್‌ವೇ ನಮ್ಮದೇ ಅಂದುಕೊಂಡು ಇಳಿದರು ಅನ್ನುವುದು ನಮ್ಮ ಕಡೆಯ ವಿವರ. ಅಲ್ಲಿಗೆ ಬಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್ ನೋಡಿ ಹೆದರಿ ಇಳಿದರು ಅನ್ನುವುದು ಪಾಕಿಸ್ತಾನದ್ದು. ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಆ ವಿಮಾನ ಇವತ್ತಿಗೂ ಕರಾಚಿಯ ಮ್ಯೂಸಿಯಂನಲ್ಲಿದೆ. ನನಗೆ ಅನ್ನಿಸುವುದು ಇಷ್ಟೇ: ನ್ಯಾಟ್‌ನಲ್ಲಿ ಇಂಧನ ಕಡಿಮೆ, ದಾರಿ ತೋರಿಸುವ ಉಪಕರಣ ಇನ್ನೂ ಕಡಿಮೆ. ಡಾಗ್‌ಫೈಟ್‌ನಲ್ಲಿ, ಅಂದರೆ ವಿಮಾನಗಳ ಹತ್ತಿರದ ಕಾಳಗದಲ್ಲಿ, ನಾಲ್ಕು ಸುತ್ತು ತಿರುಗಿದರೆ ದಿಕ್ಕು ತಪ್ಪುವುದು ದೊಡ್ಡ ಮಾತಲ್ಲ. ಮನೆಯಲ್ಲಿ ಕೂತು ಆ ಪೈಲಟ್‌ಗೆ ಹೇಡಿ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜಾಲಹಳ್ಳಿ ಹಿರಿಯ
ಕಡಲತಡಿಯವರು ಹೇಳಿದ್ದು ನೂರಕ್ಕೆ ನೂರು ನಿಜ.

ಹೆಲ್ಸಿಂಕಿ ಕನ್ನಡತಿ
ಇಲ್ಲಿ ಒಂದು ವಿಷಯ ಸೇರಿಸಬಹುದಾ? ಫಿನ್ಲೆಂಡ್ ಕೂಡ ನ್ಯಾಟ್ ಫೈಟರ್ ಹಾರಿಸಿದ ದೇಶ. 1958ರಲ್ಲಿ ಬಂದವು, ಒಟ್ಟು ಹದಿಮೂರರಷ್ಟು, 1972ರವರೆಗೆ ಇದ್ದವು. ಈ ದೇಶದಲ್ಲಿ ಮೊದಲ ಸಲ ಶಬ್ದದ ವೇಗ ದಾಟಿದ್ದು ನ್ಯಾಟ್‌ನಲ್ಲೇ, 1958ರ ಜುಲೈ 31ರಂದು, ಮೇಜರ್ ಲೌರಿ ಪೆಕುರಿ. ಟಿಕ್ಕಕೊಸ್ಕಿಯ ಮ್ಯೂಸಿಯಂನಲ್ಲಿ ನಾನು ನೋಡಿದ್ದೇನೆ. ಫೋಟೊದಲ್ಲಿ ಗಾತ್ರ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತರೆ ಕಾಕ್‌ಪಿಟ್ ಒಳಗೆ ಹೆಚ್ಚು ಕಡಿಮೆ ನೇರವಾಗಿ ನೋಡಬಹುದು. ಏಣಿ ಕೂಡ ಚಿಕ್ಕದೇ ಸಾಕು. ಇದರಲ್ಲಿ ಕೂತು ಯುದ್ಧಕ್ಕೆ ಹೋದರಾ ಅಂತ ಗಂಟಲು ಕಟ್ಟಿತು.

ಇಂದಿರಾನಗರ ಇಂದು
ಎಷ್ಟು ಚಿಕ್ಕದು ನಿಖರವಾಗಿ?

ಹೆಲ್ಸಿಂಕಿ ಕನ್ನಡತಿ
ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 6.7 ಮೀಟರ್, ಉದ್ದ 9 ಮೀಟರ್‌ಗೂ ಕಡಿಮೆ. ಸೇಬರ್ ಎರಡೂ ಕಡೆ 11 ಮೀಟರ್ ದಾಟುತ್ತದೆ.

ಅಂಗಳದ ಅರಳಿ
ತೊಂದರೆ ಕೊಟ್ಟದ್ದು ಗನ್ ಒಂದೇ ಅಲ್ಲ. ಹೈಡ್ರಾಲಿಕ್ಸ್, ಅಂದರೆ ದ್ರವದ ಒತ್ತಡದಿಂದ ಭಾಗಗಳನ್ನು ನಡೆಸುವ ವ್ಯವಸ್ಥೆ ಕೂಡ. ಬಾಲದ ಅಡ್ಡರೆಕ್ಕೆ ಪೂರ್ತಿ ತಿರುಗುವಂಥದ್ದು, ಅದನ್ನು ನಡೆಸುವ ವ್ಯವಸ್ಥೆ ಕೈಕೊಟ್ಟರೆ ಮೂಗು ತಾನಾಗಿ ಮೇಲೆ ಅಥವಾ ಕೆಳಗೆ ಹೋಗುತ್ತಿತ್ತು. ಕೆಳಮಟ್ಟದಲ್ಲಿ ಹಾಗಾದರೆ ಪೈಲಟ್‌ಗೆ ಸಮಯವೇ ಇಲ್ಲ. ಶಾಂತಿಕಾಲದಲ್ಲೇ ಎಷ್ಟೋ ಪೈಲಟ್‌ಗಳು ಹೋದರು. ಯುದ್ಧದ ಕಥೆ ಹೇಳುವಾಗ ಅವರ ಹೆಸರು ಯಾರೂ ತೆಗೆಯುವುದಿಲ್ಲ.

ಆದರೆ ಅದೇ ವಿಮಾನದಲ್ಲಿ ಎಂಥ ಜಾಣತನ ಇತ್ತು ಅಂದರೆ, ಏರ್‌ಬ್ರೇಕ್ ಅಂತ ಬೇರೆ ಇಟ್ಟಿರಲಿಲ್ಲ. ಚಕ್ರಗಳನ್ನು ಅರ್ಧ ಇಳಿಸಿದರೆ ಅದರ ಬಾಗಿಲುಗಳೇ ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುತ್ತಿದ್ದವು. ಇಳಿಯುವಾಗ ರೆಕ್ಕೆಯಿಂದ ಬಾಗುವ ಫ್ಲ್ಯಾಪ್ ಕೂಡ ಬೇರೆ ಇಲ್ಲ. ಚಕ್ರ ಇಳಿದಾಗ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲರಾನ್‌ಗಳೇ ಕೆಳಗೆ ಬಾಗುತ್ತಿದ್ದವು. ಒಂದು ಭಾಗಕ್ಕೆ ಎರಡು ಕೆಲಸ. ತೂಕ ಉಳಿಯಿತು. ಒಂದು ಹೋದರೆ ಎರಡೂ ಹೋಗುತ್ತದೆ ಅನ್ನುವುದು ಅದರ ಇನ್ನೊಂದು ಮುಖ.

ಸಂಖ್ಯಾಪ್ರಿಯ
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಗುಣ ಮತ್ತು ದೋಷ ಒಂದೇ ಕಡೆಯಿಂದ ಬಂದವು.

ಕಾಫಿತೋಟ
ಎಲ್ಲರೂ 65ರಲ್ಲೇ ನಿಂತಿದ್ದೀರಿ. 71 ಬನ್ನಿ. ಬೋಯ್ರಾ!

1971ರ ನವೆಂಬರ್ 22. ಪೂರ್ಣ ಯುದ್ಧ ಇನ್ನೂ ಶುರುವಾಗಿರಲಿಲ್ಲ, ಅದು ಡಿಸೆಂಬರ್ 3ಕ್ಕೆ. ಬಂಗಾಳದ ಗಡಿಯಲ್ಲಿ, ಬೋಯ್ರಾ ಹತ್ತಿರ, ಗರೀಬ್‌ಪುರದ ಕದನ ನಡೆಯುತ್ತಿತ್ತು. ಢಾಕಾದಿಂದ ಸೇಬರ್‌ಗಳು ಬಂದು ನಮ್ಮ ಸೈನ್ಯದ ಮೇಲೆ ಹೊಡೆಯುತ್ತಿದ್ದವು. ಬೆಳಗ್ಗೆ ನ್ಯಾಟ್‌ಗಳು ಎದ್ದರೂ ಅವು ಕೈಗೆ ಸಿಗಲಿಲ್ಲ. ಮಧ್ಯಾಹ್ನ ಎರಡೂ ಮುಕ್ಕಾಲರ ನಂತರ ಮತ್ತೆ ಬಂದವು. ಕಲ್ಕತ್ತಾದ ದಮ್‌ದಮ್‌ನಿಂದ 22ನೇ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್ ಹಾರಿದವು. ಮ್ಯಾಸಿ, ಗಣಪತಿ, ಲಾಜರಸ್, ಸೋರೆಸ್. ಗಣಪತಿ ನಮ್ಮ ಕೊಡಗಿನವರು. ನೆಲದಿಂದ ರಾಡಾರ್ ನೋಡಿ ದಾರಿ ತೋರಿಸಿದವರು ಬಾಗ್ಚಿ ಅನ್ನುವ ಯುವ ಅಧಿಕಾರಿ.

ಕೆಲವೇ ನಿಮಿಷದ ಕಾಳಗ. ಗಣಪತಿ ರೇಡಿಯೊದಲ್ಲಿ 'ಮರ್ಡರ್, ಮರ್ಡರ್, ಮರ್ಡರ್' ಅಂದರು, ಅಂದರೆ ಹೊಡೆದೆ ಅಂತ ಸಂಕೇತ. ಎರಡು ಸೇಬರ್ ಬಿದ್ದವು, ಮೂರನೆಯದು ಪೆಟ್ಟು ತಿಂದು ಓಡಿತು. ಬಿದ್ದ ಎರಡರ ಪೈಲಟ್‌ಗಳು ಪ್ಯಾರಾಚೂಟ್‌ನಲ್ಲಿ ಇಳಿದು ನಮ್ಮ ಸೈನಿಕರ ಕೈಗೆ ಸಿಕ್ಕರು. ಅವರಲ್ಲಿ ಒಬ್ಬರು ಪರ್ವೇಜ್ ಮೆಹದಿ ಖುರೇಷಿ. 1997ರಲ್ಲಿ ಅವರೇ ಪಾಕಿಸ್ತಾನ ವಾಯುಪಡೆಯ ಮುಖ್ಯಸ್ಥರಾದರು. ಸಂಖ್ಯಾಪ್ರಿಯರೇ, ಇದನ್ನು ಅಲ್ಲಗಳೆಯಲು ಆಗುತ್ತದಾ?

ಸಂಖ್ಯಾಪ್ರಿಯ
ಇಲ್ಲ, ಬೋಯ್ರಾ ಬಗ್ಗೆ ಯಾವ ಸಂಶಯವೂ ಇಲ್ಲ. ಪೈಲಟ್‌ಗಳೇ ಸೆರೆ ಸಿಕ್ಕ ಮೇಲೆ ಇನ್ನೇನು ಬೇಕು? ಇನ್ನೊಂದು ವಿಷಯ ನಾನೇ ಸೇರಿಸುತ್ತೇನೆ. ಢಾಕಾದಲ್ಲಿ ಇದ್ದವು ಕೆನಡಾದಲ್ಲಿ ತಯಾರಾದ ಸೇಬರ್ 6. 65ರ ಅಮೆರಿಕನ್ ಸೇಬರ್‌ಗಿಂತ ಇಂಜಿನ್ ಶಕ್ತಿ ಜಾಸ್ತಿ. ಅವುಗಳನ್ನು ಅದೇ ಹಳೆಯ ನ್ಯಾಟ್ ಎಫ್.1 ಹೊಡೆಯಿತು. ಇದು ನನಗೆ 65ಕ್ಕಿಂತ ದೊಡ್ಡ ಸಾಧನೆ ಅನ್ನಿಸುತ್ತದೆ.

ಹುಬ್ಬಳ್ಳಿ ಹೈದ
ಕೊಡಗಿನವರು ಅಂದ್ರ ದೇವಯ್ಯ ಅವರೂ ನ್ಯಾಟ್ ಅಲ್ಲೇನ್ರೀ?

ಕಾಫಿತೋಟ
ಅಲ್ಲ. ಎ.ಬಿ. ದೇವಯ್ಯ ಹಾರಿಸಿದ್ದು ಮಿಸ್ಟೇರ್. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೊತೆ ಒಬ್ಬರೇ ಕಾದಾಡಿ ಅದನ್ನು ಕೆಡವಿ ತಾವೂ ತೀರಿಕೊಂಡರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ಬೇಕಾಯಿತು. ಅದರ ಬಗ್ಗೆ ಬರೆಯಲು ಕೂತರೆ ಈ ಥ್ರೆಡ್ ಮುಗಿಯುವುದಿಲ್ಲ.

ಅಂಗಳದ ಅರಳಿ
ಸೇಖೋನ್ ಅವರನ್ನು ಇನ್ನೂ ಯಾರೂ ನೆನೆಯಲಿಲ್ಲ ಅಂತ ಆಶ್ಚರ್ಯ. 1971ರ ಡಿಸೆಂಬರ್ 14, ಶ್ರೀನಗರ. 1948ರ ನಂತರದ ಒಪ್ಪಂದದ ಕಾರಣಕ್ಕೆ ಅಲ್ಲಿ ಮೊದಲು ಫೈಟರ್ ಇಟ್ಟಿರಲಿಲ್ಲ. ಆ ಚಳಿ, ಆ ಎತ್ತರ 18ನೇ ಸ್ಕ್ವಾಡ್ರನ್ನಿನವರಿಗೆ ಹೊಸದು. ಬೆಳಗ್ಗೆ ಮಂಜು. ಆರು ಸೇಬರ್ ಬಂದು ರನ್‌ವೇ ಮೇಲೆ ಬಾಂಬ್ ಹಾಕುತ್ತಿರುವಾಗಲೇ ಘುಮ್ಮನ್ ಮತ್ತು ಸೇಖೋನ್ ನ್ಯಾಟ್ ಎತ್ತಿದರು. ಮಂಜಿನಲ್ಲಿ ಇಬ್ಬರೂ ಬೇರೆಯಾದರು. ಸೇಖೋನ್ ಒಬ್ಬರೇ ಎದುರಿಸಿದರು, ಎರಡು ಸೇಬರ್‌ಗೆ ಹೊಡೆದರು, ಕೊನೆಗೆ ಅವರ ವಿಮಾನಕ್ಕೂ ಗುಂಡು ತಗುಲಿ ಬಿತ್ತು. ವಯಸ್ಸು 28. ವಾಯುಪಡೆಯ ಇತಿಹಾಸದಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ನ್ಯಾಟ್ ಒಳ್ಳೆಯದಾ ಕೆಟ್ಟದಾ ಅಂತ ಕೇಳುವ ಮೊದಲು ಅದನ್ನು ಹಾರಿಸಿದವರು ಯಾರು ಅಂತ ಕೇಳಬೇಕು.

ಬೀದರ್ ಬಸವ
ನಮ್ಮ ಬೀದರ್ ಹೆಸರು ಬರಲೇಬೇಕು. ನ್ಯಾಟ್‌ನ ಆರ್ಫಿಯಸ್ ಇಂಜಿನ್ ಇದೆಯಲ್ಲ, ಅದು ನ್ಯಾಟ್ ಜೊತೆ ಮುಗಿಯಲಿಲ್ಲ. ಕಿರಣ್ ಮಾರ್ಕ್ 2 ತರಬೇತಿ ವಿಮಾನದಲ್ಲೂ ಅದೇ ಆರ್ಫಿಯಸ್. ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್ 1996ರಿಂದ ಹಾರಿಸಿದ್ದು ಆ ಕಿರಣ್‌ಗಳನ್ನು, ತಂಡದ ನೆಲೆ ನಮ್ಮ ಬೀದರ್. ಚಿಕ್ಕವನಿದ್ದಾಗಿನಿಂದ ಆ ಸದ್ದು ಕೇಳಿಕೊಂಡೇ ಬೆಳೆದವನು ನಾನು. ಎಚ್‌ಎಎಲ್ ಮಾಡಿದ ಮರುತ್ ಜೆಟ್ ಫೈಟರ್‌ನಲ್ಲೂ ಎರಡು ಆರ್ಫಿಯಸ್ ಇದ್ದವು.

ರೆಕ್ಕೆಪುಕ್ಕ
ಒಳ್ಳೆ ಮಾಹಿತಿ ಬಸವ ಅವರೇ. ಮರುತ್ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ನಿಲ್ಲುವವರಿಗೆ ಅವರು ಯಾರು ಅಂತ ಗೊತ್ತಿರುವುದು ಕಡಿಮೆ. ಟೆಸ್ಟ್ ಪೈಲಟ್. 1961ರ ಜೂನ್‌ನಲ್ಲಿ ಮರುತ್ ಮೊದಲು ಹಾರಿಸಿದವರು. 1970ರ ಜನವರಿ 10ರಂದು ಅದೇ ಮರುತ್‌ನ ಹೊಸ ಮಾದರಿಯ ಪರೀಕ್ಷೆಯಲ್ಲಿ ಇದೇ ಊರಿನಲ್ಲಿ ಪ್ರಾಣ ಬಿಟ್ಟರು.

ಇಂದಿರಾನಗರ ಇಂದು
ನಾನು ದಿನಾ ಆ ರಸ್ತೆಯಲ್ಲೇ ಓಡಾಡುತ್ತೇನೆ. ನಿಜವಾಗಲೂ ಗೊತ್ತಿರಲಿಲ್ಲ.

ಹುಬ್ಬಳ್ಳಿ ಹೈದ
ಇಷ್ಟೆಲ್ಲ ಮಾಡಿದ ಮರುತ್ ಯೋಜನೆ ಕೈಬಿಟ್ಟಿದ್ದು ಯಾವ ಸರ್ಕಾರ ಅಂತಾನೂ ಹೇಳ್ರಲ್ಲ…

ನಿರ್ವಾಹಕ
ರಾಜಕೀಯ ಬೇಡ. ವಿಷಯಕ್ಕೆ ಬನ್ನಿ.

ವಿಮಾನಪುರದ ಹುಡುಗ
ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಈಗ ಇನ್ನೊಂದು ಪ್ರಶ್ನೆ. ಹೈಡ್ರಾಲಿಕ್ಸ್, ಇಂಧನ, ಗನ್, ಇಷ್ಟು ದೋಷ ಗೊತ್ತಿದ್ದಾಗ ಎಚ್‌ಎಎಲ್ ಸರಿ ಮಾಡಲಿಲ್ಲವಾ?

ಅಂಗಳದ ಅರಳಿ
ಮಾಡಿದರು, ನ್ಯಾಟ್‌ನ ತಿದ್ದಿದ ರೂಪವೇ ಅಜೀತ್. 1975ರ ಮಾರ್ಚ್ 5ರಂದು ಮೊದಲು ಹಾರಿತು. ರೆಕ್ಕೆಯೊಳಗೇ ಇಂಧನ ತುಂಬುವ ಹಾಗೆ ಮಾಡಿದರು, ಹಾಗಾಗಿ ರೆಕ್ಕೆಯ ಕೆಳಗಿನ ಜಾಗ ಬಾಂಬ್, ರಾಕೆಟ್‌ಗೆ ಉಳಿಯಿತು. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಎಸೆಯುವ ಒಳ್ಳೆಯ ಇಜೆಕ್ಷನ್ ಸೀಟ್ ಬಂತು, ಹೈಡ್ರಾಲಿಕ್ಸ್, ನಿಯಂತ್ರಣ ಎರಡನ್ನೂ ತಿದ್ದಿದರು.

ಸಂಖ್ಯಾಪ್ರಿಯ
ತಡವಾಯಿತು. ಎರಡು ಯುದ್ಧ ಮುಗಿದ ಮೇಲೆ ಬಂತು. ಅಷ್ಟರಲ್ಲಿ ಮಿಗ್-21 ಕಾಲ. 1991ಕ್ಕೆ ಅಜೀತ್ ನಿವೃತ್ತಿ. ಇದೇ ತಿದ್ದುಪಡಿ 1966ರಲ್ಲಿ ಶುರುವಾಗಿದ್ದರೆ ಎಷ್ಟೋ ಪೈಲಟ್‌ಗಳು ಉಳಿಯುತ್ತಿದ್ದರು.

ಜಾಲಹಳ್ಳಿ ಹಿರಿಯ
ಆ ಕೊನೆಯ ಮಾತು ಒಪ್ಪುತ್ತೇನೆ. ಆದರೆ 1966ರಿಂದ ಯಾರೂ ಏನೂ ಮಾಡಲಿಲ್ಲ ಅನ್ನುವ ಅರ್ಥ ಬರುವುದು ಬೇಡ. ಬೋಯ್ರಾದಲ್ಲಿ ಗನ್‌ಗಳು ಹೇಗೆ ಕೆಲಸ ಮಾಡಿದವು ಅನ್ನುವುದನ್ನೇ ನೋಡಿ.

ವಿಮಾನಪುರದ ಹುಡುಗ
ಅಜೀತ್ ಎಲ್ಲಾದರೂ ನೋಡಲು ಸಿಗುತ್ತದಾ? ಮಗಳಿಗೆ ತೋರಿಸಬೇಕು.

ರೆಕ್ಕೆಪುಕ್ಕ
ನಿಮ್ಮ ಮನೆ ಹತ್ತಿರವೇ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಅಜೀತ್ ಇದೆ, ಮರುತ್ ಇದೆ. ಹೋಗುವ ಮೊದಲು ಯಾವ ದಿನ ರಜೆ ಅಂತ ವಿಚಾರಿಸಿಕೊಳ್ಳಿ.

ನಿರ್ವಾಹಕ
ಅಜೀತ್ ಬಗ್ಗೆ ಮುಂದಿನ ಮಾತುಕತೆಗೆ ಬೇರೆ ಥ್ರೆಡ್ ತೆರೆದಿದ್ದೇನೆ. ಹಿರಿಯರೇ, ಗನ್ ವಿಷಯ ಅಲ್ಲಿ ವಿವರವಾಗಿ ಬರೆಯಬೇಕು ಅಂತ ಕೋರಿಕೆ.